ನೆಲದ ಅಳತೆ, ಮನೆಯ ಭದ್ರತೆ

ಭೂಕಂಪದ ಸುದ್ದಿ ಕಿವಿಗೆ ಬಿದ್ದಾಗಲೆಲ್ಲ ಭಕ್ತರ ಮನೆಗಳಲ್ಲಿ ನಮಗೆ ಎದುರಾಗುವ ಪ್ರಶ್ನೆ ಒಂದೇ: “ಅಯ್ಯನವರೆ, ನಮ್ಮ ಕಡೆಗೂ ಇದರ ಭಯ ಉಂಟೇನು?” ಹಿಮಾಲಯದ ತಪ್ಪಲಿನಲ್ಲಿ ನೆಲ ನಡುಗಿದರೆ ಯಾರೂ ಬೆರಗಾಗುವುದಿಲ್ಲ. ಆದರೆ ದಖ್ಖಣದ ನೆಲ ಕರಿಕಲ್ಲಿನ ನೆಲ, ತಲೆತಲಾಂತರದಿಂದ ಕದಲದೆ ನಿಂತ ನೆಲ ಎಂಬ ನಂಬಿಕೆ ನಮ್ಮ ಹಿರಿಯರಲ್ಲಿ ಗಟ್ಟಿಯಾಗಿ ಬೇರೂರಿತ್ತು. ಹಿರಿಯರಷ್ಟೇ ಏಕೆ, ವಿಜ್ಞಾನಿಗಳ ನಕ್ಷೆಯೂ ಅದನ್ನೇ ಹೇಳುತ್ತಿತ್ತು. ಆ ನಂಬಿಕೆಯನ್ನು ೧೯೯೩ರ ಸೆಪ್ಟೆಂಬರ್ ೩೦ರ ನಸುಕು ಒಂದೇ ಏಟಿಗೆ ಮುರಿಯಿತು.

ಅಂದು ಬೆಳಗಿನ ಜಾವ ೩ ಗಂಟೆ ೫೬ ನಿಮಿಷಕ್ಕೆ ಮಹಾರಾಷ್ಟ್ರದ ಲಾತೂರು ಜಿಲ್ಲೆಯ ಕಿಲ್ಲಾರಿಯ ಸುತ್ತ ಭೂಮಿ ನಡುಗಿತು. ಗಣೇಶನ ವಿಸರ್ಜನೆಯನ್ನು ಮುಗಿಸಿಕೊಂಡು ಬಂದು ಊರಿಗೆ ಊರೇ ನಿದ್ರೆಯಲ್ಲಿದ್ದ ಹೊತ್ತದು. ಕಂಪನದ ಪ್ರಮಾಣ ೬.೨ರಷ್ಟು. ಜಗತ್ತಿನ ಭೂಕಂಪಗಳ ಲೆಕ್ಕದಲ್ಲಿ ಇದು ದೊಡ್ಡದೇನೂ ಅಲ್ಲ. ಆದರೂ ಸರಕಾರಿ ಲೆಕ್ಕದ ಪ್ರಕಾರವೇ ಎಂಟು ಸಾವಿರದ ಸಮೀಪ ಜನ ಪ್ರಾಣ ಕಳೆದುಕೊಂಡರು. ಕಿಲ್ಲಾರಿ, ಸಾಸ್ತೂರು, ಮಂಗರೂಳ, ತಳಣಿ, ಹೋಳಿ ಮೊದಲಾದ ಊರುಗಳು ಕಲ್ಲುಮಣ್ಣಿನ ರಾಶಿಗಳಾದವು. ಮುಂದೆ ಐವತ್ತೆರಡು ಗ್ರಾಮಗಳನ್ನು ಹಳೆಯ ನೆಲೆಯಿಂದ ಎಬ್ಬಿಸಿ ಬೇರೆಡೆ ಹೊಸದಾಗಿ ಕಟ್ಟಬೇಕಾಯಿತು.

ಈ ಊರುಗಳು ನಮಗೆ ದೂರದವಲ್ಲ. ಶರಣರ ಕಲ್ಯಾಣಕ್ಕೂ ಕಿಲ್ಲಾರಿಗೂ ನೇರ ಅಳತೆಯಲ್ಲಿ ಸುಮಾರು ಐವತ್ತು ಕಿಲೋಮೀಟರಿನ ಅಂತರ. ಬೀದರ, ಕಲಬುರಗಿ, ವಿಜಯಪುರ ಜಿಲ್ಲೆಗಳ ನಮ್ಮ ಅನೇಕ ಮನೆತನಗಳಿಗೆ ಲಾತೂರು, ಉಸ್ಮಾನಾಬಾದು ಸೀಮೆಗಳೊಡನೆ ಹೆಣ್ಣು ಕೊಟ್ಟು ತರುವ ಬಳಕೆ ಹಿಂದಿನಿಂದ ಇದೆ. ಆದುದರಿಂದ ಅಲ್ಲಿಯ ನೆಲದ ಪಾಠ ನಮ್ಮ ನೆಲಕ್ಕೂ ಸಲ್ಲುವ ಪಾಠ. ಆ ಪಾಠವನ್ನು ಭೂವಿಜ್ಞಾನಿಗಳು ಹೇಗೆ ಓದಿಕೊಂಡರು, ನೆಲ ಒಳಗೊಳಗೆ ಬಿಗಿಯುವುದನ್ನು ಯಾವ ಅಳತೆಗೋಲಿನಿಂದ ಅಳೆಯುತ್ತಾರೆ, ಆ ಅಳತೆ ನಮಗೆ ಏನನ್ನು ಹೇಳಬಲ್ಲದು, ಏನನ್ನು ಹೇಳಲಾರದು ಎಂಬುದನ್ನು ಇಲ್ಲಿ ವಿವರಿಸಬಯಸುತ್ತೇವೆ.

ಬಿಗಿ ಎಂದರೇನು?

ಭೂಮಿಯ ಹೊರಕವಚ ಒಂದೇ ತುಂಡಿನದಲ್ಲ. ಅದು ಹಲವು ದೊಡ್ಡ ಫಲಕಗಳಾಗಿ ಒಡೆದಿದೆ. ಫಲಕಗಳು ಸದಾ ಮೆಲ್ಲನೆ ಸರಿಯುತ್ತಿರುತ್ತವೆ. ನಾವು ನಿಂತಿರುವ ಭಾರತ ಫಲಕ ವರ್ಷಕ್ಕೆ ಸುಮಾರು ಐದು ಸೆಂಟಿಮೀಟರಿನಂತೆ ಈಶಾನ್ಯ ದಿಕ್ಕಿಗೆ ಸಾಗುತ್ತಿದೆ. ಬಸವಣ್ಣನವರ ಕಾಲದಿಂದ ಇಂದಿನವರೆಗೆ ಎಂಟುನೂರ ಐವತ್ತಕ್ಕೂ ಹೆಚ್ಚು ವರ್ಷಗಳು ಕಳೆದಿವೆ. ಈ ಅವಧಿಯಲ್ಲಿ ಕಲ್ಯಾಣ ಪಟ್ಟಣವು ತಾನಿದ್ದ ನೆಲದೊಡನೆಯೇ ನಲವತ್ತು ಮೀಟರುಗಳಿಗಿಂತ ಹೆಚ್ಚು ದೂರ ಸರಿದಿದೆ. ಬಂಡಿಯಲ್ಲಿ ಕುಳಿತವನಿಗೆ ಪಕ್ಕದವನು ಚಲಿಸಿದಂತೆ ಕಾಣುವುದಿಲ್ಲ. ಹಾಗೆಯೇ ಇಡೀ ಫಲಕ ಒಟ್ಟಾಗಿ ಸಾಗುವುದರಿಂದ ನಮಗೆ ಏನೂ ತಿಳಿಯುವುದಿಲ್ಲ.

ಒಟ್ಟಾಗಿ ಸಾಗುವುದರಿಂದ ಅಪಾಯವಿಲ್ಲ. ಒಂದು ಭಾಗ ಮುಂದೆ ಸಾಗಲು ನೋಡಿ ಇನ್ನೊಂದು ಭಾಗ ಅಡ್ಡ ನಿಂತಾಗ ತೊಂದರೆ. ಭಾರತ ಫಲಕ ಉತ್ತರದಲ್ಲಿ ಟಿಬೆಟ್ಟಿನ ನೆಲವನ್ನು ಒತ್ತುತ್ತಿದೆ. ಈ ಒತ್ತಡದಿಂದ ಬಂಡೆ ತನ್ನ ಉದ್ದದಲ್ಲಿ ಒಂದಿಷ್ಟು ಕುಗ್ಗುತ್ತದೆ, ತನ್ನ ಆಕಾರದಲ್ಲಿ ಒಂದಿಷ್ಟು ಓರೆಯಾಗುತ್ತದೆ. ಮೂಲ ಉದ್ದದ ಎಷ್ಟನೆಯ ಪಾಲು ಕುಗ್ಗಿತು ಅಥವಾ ಹಿಗ್ಗಿತು ಎಂಬ ಪ್ರಮಾಣಕ್ಕೆ ವಿಜ್ಞಾನಿಗಳು ಸ್ಟ್ರೇನ್ ಎನ್ನುತ್ತಾರೆ. ನಾವು ಈ ಲೇಖನದಲ್ಲಿ ಅದನ್ನು ‘ವಿರೂಪ’ ಎಂದು ಕರೆಯೋಣ.

ಬಿದಿರಿನ ಬಿಲ್ಲನ್ನು ಬಾಗಿಸಿದಂತೆ ಬಂಡೆಯೂ ಒಂದು ಮಿತಿಯವರೆಗೆ ತಾಳಿಕೊಳ್ಳುತ್ತದೆ. ಮಿತಿ ಮೀರಿದಾಗ ಹಿಂದೆಂದೋ ಬಿರುಕು ಬಿಟ್ಟ ಜಾಗದಲ್ಲಿ ಹಠಾತ್ತಾಗಿ ಜಾರುತ್ತದೆ. ಆ ಜಾರುವಿಕೆಯ ಅದಿರಾಟವೇ ಭೂಕಂಪ. ಒಂದು ಭೂಕಂಪದಲ್ಲಿ ಸಡಿಲಗೊಳ್ಳುವ ವಿರೂಪ ಸಾಮಾನ್ಯವಾಗಿ ಹತ್ತು ಸಾವಿರದಲ್ಲಿ ಒಂದು ಭಾಗದಿಂದ ಲಕ್ಷದಲ್ಲಿ ಒಂದು ಭಾಗದವರೆಗೆ ಇರುತ್ತದೆ. ಅಂದರೆ ಒಂದು ಕಿಲೋಮೀಟರ್ ಉದ್ದದ ಬಂಡೆ ಕೇವಲ ಒಂದರಿಂದ ಹತ್ತು ಸೆಂಟಿಮೀಟರಿನಷ್ಟು ಬಿಗಿದಿದ್ದರೆ ಸಾಕು, ಊರುಗಳನ್ನು ಉರುಳಿಸುವ ಶಕ್ತಿ ಅದರಲ್ಲಿ ಸೇರಿಕೊಂಡಿರುತ್ತದೆ.

ಈ ಬಿಗಿ ಎಲ್ಲಿ ಎಷ್ಟು ವೇಗವಾಗಿ ಹೆಚ್ಚುತ್ತಿದೆ ಎಂಬುದನ್ನು ಅಳೆದರೆ ಅಪಾಯ ಎಲ್ಲಿದೆ ಎಂದು ತಿಳಿಯಬಹುದಲ್ಲವೆ? ತರ್ಕ ಸರಿಯಾಗಿಯೇ ಇದೆ. ಅಳೆಯುವ ಕೆಲಸವೂ ನಮ್ಮ ನಾಡಿನಲ್ಲಿ ಎರಡು ನೂರು ವರ್ಷಗಳ ಹಿಂದೆಯೇ ಆರಂಭವಾಗಿತ್ತು. ಆದರೆ ಅದನ್ನು ಆರಂಭಿಸಿದವರ ಮನಸ್ಸಿನಲ್ಲಿ ಭೂಕಂಪದ ಯೋಚನೆ ಇರಲಿಲ್ಲ.

ಬೆಂಗಳೂರು, ಬೀದರಗಳ ಹಳೆಯ ರೇಖೆಗಳು

ಟಿಪ್ಪುಸುಲ್ತಾನನ ಪತನದ ಬಳಿಕ ವಿಲಿಯಂ ಲ್ಯಾಂಬ್ಟನ್ ಎಂಬ ಆಂಗ್ಲ ಸೇನಾಧಿಕಾರಿ ದಕ್ಷಿಣ ಭಾರತವನ್ನು ತ್ರಿಕೋನಗಳಾಗಿ ಅಳೆಯುವ ಮಹತ್ಕಾರ್ಯವನ್ನು ಕೈಗೆತ್ತಿಕೊಂಡ. ೧೮೦೨ರಲ್ಲಿ ಮದರಾಸಿನ ಸಮೀಪ, ೧೮೦೪ರಲ್ಲಿ ಬೆಂಗಳೂರಿನ ಸಮೀಪ, ೧೮೧೫ರಲ್ಲಿ ಬೀದರದ ಸೀಮೆಯಲ್ಲಿ ಆತ ಆಧಾರರೇಖೆಗಳನ್ನು ಅಳೆದ. ಸಮತಟ್ಟಾದ ನೆಲದ ಮೇಲೆ ಹಲವು ಮೈಲಿ ಉದ್ದದ ಒಂದು ಗೆರೆಯನ್ನು ಉಕ್ಕಿನ ಸರಪಳಿಯಿಂದ ಅಂಗುಲದ ಅಂಶವೂ ತಪ್ಪದಂತೆ ಅಳೆಯುವುದು. ಅದರ ಎರಡು ತುದಿಗಳಿಂದ ದೂರದ ಬೆಟ್ಟದ ತುದಿಯನ್ನು ಥಿಯೊಡೊಲೈಟ್ ಎಂಬ ಕೋನಮಾಪಕದಿಂದ ನೋಡುವುದು. ಒಂದು ಭುಜ ಮತ್ತು ಎರಡು ಕೋನಗಳಿಂದ ಉಳಿದ ಭುಜಗಳನ್ನು ಗಣಿತದಿಂದ ಪಡೆಯುವುದು. ಹೀಗೆ ಬೆಟ್ಟದಿಂದ ಬೆಟ್ಟಕ್ಕೆ, ಗುಡಿಯ ಗೋಪುರದಿಂದ ಗೋಪುರಕ್ಕೆ ತ್ರಿಕೋನಗಳ ಸರಮಾಲೆ ಕನ್ಯಾಕುಮಾರಿಯ ಕಡೆಯಿಂದ ಹಿಮಾಲಯದವರೆಗೆ ಸಾಗಿತು. ಲ್ಯಾಂಬ್ಟನ್ನನ ತರುವಾಯ ಜಾರ್ಜ್ ಎವರೆಸ್ಟ್ ಅದನ್ನು ಮುಂದುವರಿಸಿದ.

ಈ ಅಳತೆ ನಡೆದದ್ದು ಆಳುವವರ ಅನುಕೂಲಕ್ಕೆ, ಭೂಮಿಯ ಗಾತ್ರವನ್ನು ತಿಳಿಯುವ ಕುತೂಹಲಕ್ಕೆ. ಆದರೆ ಎಚ್ಚರಿಕೆಯಿಂದ ಮಾಡಿದ ಕೆಲಸ ಮಾಡಿದವನ ಉದ್ದೇಶವನ್ನು ಮೀರಿ ಉಪಕರಿಸುತ್ತದೆ. ಅಂದು ಬೆಟ್ಟದ ಬಂಡೆಗಳ ಮೇಲೆ ಕೊರೆದ ಗುರುತುಗಳಲ್ಲಿ ಅನೇಕವು ಇಂದಿಗೂ ಉಳಿದಿವೆ. ಅಂದಿನ ಎರಡು ಗುರುತುಗಳ ಅಂತರವನ್ನು ಇಂದು ಮತ್ತೆ ಅಳೆದರೆ, ನಡುವಿನ ಕಾಲದಲ್ಲಿ ನೆಲ ಎಷ್ಟು ಕುಗ್ಗಿತು ಅಥವಾ ಓರೆಯಾಯಿತು ಎಂಬುದು ಹೊರಬೀಳುತ್ತದೆ.

ಭಾರತದ ಮತ್ತು ಅಮೆರಿಕದ ವಿಜ್ಞಾನಿಗಳು ಕೂಡಿ ೧೯೯೪ರ ವೇಳೆಗೆ ದಕ್ಷಿಣ ಭಾರತದಲ್ಲಿ ಇದನ್ನೇ ಮಾಡಿದರು. ಹತ್ತೊಂಬತ್ತನೆಯ ಶತಮಾನದ ತ್ರಿಕೋನ ಮಾಪನದ ಗುರುತುಗಳನ್ನು ಹುಡುಕಿ ಉಪಗ್ರಹಗಳ ನೆರವಿನಿಂದ ಪುನಃ ಅಳೆದರು. ೧೮೬೪ರಿಂದ ೧೯೯೪ರವರೆಗಿನ ನೂರಮೂವತ್ತು ವರ್ಷಗಳ ಹೋಲಿಕೆ ಅವರಿಗೆ ದೊರೆಯಿತು. ೧೯೯೫ರಲ್ಲಿ ಪ್ರಕಟವಾದ ಅವರ ನಿರ್ಣಯದ ಸಾರ ಇಷ್ಟು: ಪರ್ಯಾಯ ದ್ವೀಪದ ನೆಲ ಸ್ಥಿರವಾಗಿದೆ, ಏನಾದರೂ ವಿರೂಪವಾಗಿದ್ದರೆ ಅದು ಹತ್ತು ಲಕ್ಷದಲ್ಲಿ ಕೆಲವೇ ಭಾಗಗಳ ಮಟ್ಟದ್ದು. ಕಿಲ್ಲಾರಿಯ ಗಾಯ ಇನ್ನೂ ಹಸಿಯಾಗಿದ್ದಾಗ ಬಂದ ಉತ್ತರವಿದು. ನೆಲ ಸ್ಥಿರವಾಗಿದೆಯೆಂದು ಅಳತೆ ಹೇಳುತ್ತಿದೆ. ಎಂಟು ಸಾವಿರ ಸಮಾಧಿಗಳು ಬೇರೆಯೇ ಹೇಳುತ್ತಿವೆ. ಈ ಎರಡನ್ನೂ ಹೊಂದಿಸಿ ನೋಡುವುದೇ ಈ ವಿಷಯದ ತಿರುಳು.

ಉಪಗ್ರಹದ ಅಳತೆಗೋಲು

ಸರಪಳಿಯ ಕಾಲ ಹೋಗಿ ಈಗ ಜಿ.ಪಿ.ಎಸ್. ಬಂದಿದೆ. ಕಾರುಗಳಲ್ಲಿ, ಕೈಫೋನುಗಳಲ್ಲಿ ದಾರಿ ತೋರಿಸುವ ಆ ವ್ಯವಸ್ಥೆಯೇ ಇದು. ಉಪಕರಣ ಮಾತ್ರ ಬಹು ಸೂಕ್ಷ್ಮವಾದುದು. ಸುಮಾರು ಇಪ್ಪತ್ತು ಸಾವಿರ ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹಗಳಿಂದ ಬರುವ ತರಂಗಗಳನ್ನು ನೆಲದ ಮೇಲಿನ ಗ್ರಾಹಕ ಹಿಡಿಯುತ್ತದೆ. ಒಂದೇ ಜಾಗದಲ್ಲಿ ಹಗಲಿರುಳು ವರ್ಷಗಟ್ಟಲೆ ಹೀಗೆ ಹಿಡಿದು ಸರಾಸರಿ ತೆಗೆದರೆ, ಆ ಜಾಗ ವರ್ಷಕ್ಕೆ ಒಂದು ಮಿಲಿಮೀಟರಿನಷ್ಟು ಸರಿದರೂ ಗೊತ್ತಾಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಇಂಥ ಒಂದು ಕೇಂದ್ರ ೧೯೯೦ರ ದಶಕದ ನಡುವಿನಿಂದ ಇದೆ. ಭಾರತ ಫಲಕದ ಚಲನೆಯನ್ನು ಅರಿಯಲು ಜಗತ್ತಿನ ವಿಜ್ಞಾನಿಗಳು ನೆಚ್ಚಿಕೊಂಡ ಕೇಂದ್ರಗಳಲ್ಲಿ ಅದೂ ಒಂದು.

ಗ್ರಾಹಕವನ್ನು ಎಲ್ಲೆಂದರಲ್ಲಿ ನಿಲ್ಲಿಸುವಂತಿಲ್ಲ. ನಮ್ಮ ಎರೆಭೂಮಿಯ ಗುಣ ರೈತರಿಗೆ ಗೊತ್ತು. ಮಳೆಗಾಲದಲ್ಲಿ ಅದು ಉಬ್ಬುತ್ತದೆ, ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರಿಯುತ್ತದೆ. ಅಂಥ ಮಣ್ಣಿನಲ್ಲಿ ನೆಟ್ಟ ಕಂಬ ಒಂದು ವರ್ಷದಲ್ಲಿ ಓಲಾಡುವಷ್ಟು ಕೂಡ ಬಂಡೆಯ ವಿರೂಪ ಇರುವುದಿಲ್ಲ. ಆದುದರಿಂದ ಗಟ್ಟಿ ಬಂಡೆಗೆ ಬಿಗಿದ ಕಂಬದ ಮೇಲೆಯೇ ಉಪಕರಣವನ್ನು ಇಡಬೇಕು. ಮಣ್ಣಿನ ಮಾತನ್ನು ಬಂಡೆಯ ಮಾತೆಂದು ತಿಳಿಯಬಾರದೆಂಬುದು ಈ ಶಾಸ್ತ್ರದ ಮೊದಲ ಪಾಠ.

ಇದಲ್ಲದೆ ಆಕಾಶದಿಂದ ರೇಡಾರ್ ಕಿರಣಗಳನ್ನು ಬೀರಿ, ಒಂದೇ ನೆಲದ ಎರಡು ಸಲದ ಚಿತ್ರಗಳನ್ನು ಹೋಲಿಸಿ ನೆಲದ ಏರಿಳಿತವನ್ನು ಕಾಣುವ ಕ್ರಮವೂ ಇದೆ. ಭಾರತದ ಇಸ್ರೋ ಮತ್ತು ಅಮೆರಿಕದ ನಾಸಾ ಸಂಸ್ಥೆಗಳು ಕೂಡಿ ನಿರ್ಮಿಸಿದ ನಿಸಾರ್ ಉಪಗ್ರಹವನ್ನು ೨೦೨೫ರ ಜುಲೈ ೩೦ರಂದು ಶ್ರೀಹರಿಕೋಟಾದಿಂದ ಹಾರಿಸಲಾಯಿತು. ಹನ್ನೆರಡು ದಿನಗಳಿಗೊಮ್ಮೆ ಅದೇ ನೆಲವನ್ನು ಮತ್ತೆ ನೋಡುವಂತೆ ಅದರ ಪಥವನ್ನು ರೂಪಿಸಿದ್ದಾರೆ. ನಾಡಿನ ಇಡೀ ಮೈಯನ್ನು ಹೀಗೆ ತಡವಿ ನೋಡುವುದು ಲ್ಯಾಂಬ್ಟನ್ನನ ಕಾಲದಲ್ಲಿ ಊಹೆಗೂ ನಿಲುಕದ ಸಂಗತಿಯಾಗಿತ್ತು.

ಸಣ್ಣ ಸಂಖ್ಯೆಯ ದೊಡ್ಡ ಅರ್ಥ

ಈಗ ಸ್ವಲ್ಪ ಲೆಕ್ಕ ಮಾಡೋಣ. ಲೆಕ್ಕ ಕಠಿಣವಲ್ಲ, ಅಂಗಡಿಯ ಖಾತೆ ಬರೆಯಬಲ್ಲ ಯಾರಿಗಾದರೂ ತಿಳಿಯುವಂಥದು.

ಹಿಮಾಲಯದ ಅಡ್ಡಗಲದಲ್ಲಿ ನೆಲ ವರ್ಷಕ್ಕೆ ಸುಮಾರು ಇಪ್ಪತ್ತು ಮಿಲಿಮೀಟರ್ ಕುಗ್ಗುತ್ತಿದೆ. ಆ ಕುಗ್ಗುವಿಕೆ ನೂರು ಕಿಲೋಮೀಟರ್ ಅಗಲದ ಪಟ್ಟಿಯಲ್ಲಿ ಹಂಚಿಹೋಗುತ್ತದೆಂದು ಇಟ್ಟುಕೊಂಡರೆ ವಿರೂಪದ ವೇಗ ವರ್ಷಕ್ಕೆ ಒಂದು ಕೋಟಿಯಲ್ಲಿ ಎರಡು ಭಾಗ. ಬಂಡೆ ಜಾರಲು ಹತ್ತು ಸಾವಿರದಲ್ಲಿ ಒಂದು ಭಾಗದ ಬಿಗಿ ಬೇಕೆಂದರೆ, ಐನೂರು ವರ್ಷಗಳಲ್ಲಿ ಅದು ಕೂಡಿಬರುತ್ತದೆ. ಹಿಮಾಲಯದ ಒಂದೊಂದು ಭಾಗಕ್ಕೆ ಕೆಲವು ನೂರು ವರ್ಷಗಳಿಗೊಮ್ಮೆ ಮಹಾಕಂಪನ ತಪ್ಪದೆಂಬ ಮಾತು ಈ ಬಗೆಯ ಗಣಿತದಿಂದ ಬಂದುದು.

ನಮ್ಮ ದಖ್ಖಣಕ್ಕೆ ಬರೋಣ. ಇಲ್ಲಿ ವಿರೂಪದ ವೇಗ ವರ್ಷಕ್ಕೆ ನೂರು ಕೋಟಿಯಲ್ಲಿ ಒಂದು ಭಾಗವೆಂದು ಲೆಕ್ಕಕ್ಕಾಗಿ ಹಿಡಿಯೋಣ. ಬೆಂಗಳೂರಿಗೂ ಕಲಬುರಗಿಗೂ ನೇರ ಅಂತರ ಐನೂರು ಕಿಲೋಮೀಟರಿನಷ್ಟು. ಈ ಇಡೀ ಅಂತರದಲ್ಲಿ ವರ್ಷಕ್ಕೆ ಅರ್ಧ ಮಿಲಿಮೀಟರಿನ ವ್ಯತ್ಯಾಸವಾದರೆ ಅದು ನೂರು ಕೋಟಿಯಲ್ಲಿ ಒಂದು ಭಾಗ. ಅಕ್ಕಿಯ ಕಾಳಿನ ದಪ್ಪಕ್ಕಿಂತಲೂ ಕಡಿಮೆಯಾದ ಈ ವ್ಯತ್ಯಾಸವನ್ನು ಉಪಕರಣದ ದೋಷದಿಂದ ಬೇರ್ಪಡಿಸಿ ಕಾಣಲು ವಿಜ್ಞಾನಿಗಳು ಹತ್ತಾರು ವರ್ಷ ಕಾಯಬೇಕಾಗುತ್ತದೆ. ಈ ವೇಗದಲ್ಲಿ ಬಿಗಿ ಕೂಡಿಬರಲು ಹತ್ತು ಸಾವಿರದಿಂದ ಲಕ್ಷ ವರ್ಷಗಳು ಬೇಕು.

ಇಲ್ಲಿ ಇಬ್ಬರು ಎರಡು ದಾರಿ ಹಿಡಿಯಬಹುದು. “ಲಕ್ಷ ವರ್ಷಕ್ಕೊಮ್ಮೆ ಬರುವುದಕ್ಕೆ ಈಗೇಕೆ ಚಿಂತೆ?” ಎಂದು ಒಬ್ಬನು ಕಂಬಳಿ ಹೊದ್ದು ಮಲಗಬಹುದು. ಎರಡನೆಯವನು ಹೀಗೆ ಕೇಳಬೇಕು: “ಹಿಂದಿನ ತೊಂಬತ್ತೊಂಬತ್ತು ಸಾವಿರ ವರ್ಷಗಳ ಬಿಗಿ ಈಗಾಗಲೆ ಸೇರಿಕೊಂಡಿಲ್ಲವೆಂದು ಬಲ್ಲವರು ಯಾರು?” ಎರಡನೆಯವನ ಪ್ರಶ್ನೆಯೇ ಸರಿಯಾದುದು. ಅಳತೆಗೋಲು ತೋರಿಸುವುದು ಬಡ್ಡಿಯ ದರವನ್ನು ಮಾತ್ರ. ಖಾತೆಯಲ್ಲಿ ಅಸಲು ಎಷ್ಟು ನಿಂತಿದೆಯೆಂಬುದನ್ನಲ್ಲ. ದರ ಅಲ್ಪವಾದರೂ ಹಳೆಯ ಸಾಲ ದೊಡ್ಡದಿರಬಹುದು.

ಶರಣರ ಕಾಲದಿಂದ ಇಂದಿನವರೆಗಿನ ಅವಧಿ ಆ ಲಕ್ಷ ವರ್ಷಗಳಲ್ಲಿ ನೂರಕ್ಕೆ ಒಂದು ಪಾಲೂ ಆಗುವುದಿಲ್ಲ. ಹತ್ತು ಸಾವಿರದ ಲೆಕ್ಕವನ್ನು ಹಿಡಿದರೂ ಒಂಬತ್ತು ಪಾಲು ಮೀರುವುದಿಲ್ಲ. ಆದುದರಿಂದ ಶಾಸನಗಳಲ್ಲಿ ಇಲ್ಲ, ಅಜ್ಜನ ಬಾಯಲ್ಲಿ ಕೇಳಿಲ್ಲ ಎಂಬುದು ನೆಲದ ಸುರಕ್ಷತೆಗೆ ಸಾಕ್ಷಿಯಾಗಲಾರದು. ನಮ್ಮ ನೆನಪು ಗಿಡ್ಡದು, ಬಂಡೆಯ ನೆನಪು ಉದ್ದದ್ದು.

ಈ ವಿವಾದ ನಮ್ಮ ದೇಶಕ್ಕೆ ಮಾತ್ರ ಸೀಮಿತವಲ್ಲ. ಅಮೆರಿಕದ ನಡುನಾಡಿನಲ್ಲಿ, ಮಿಸಿಸಿಪ್ಪಿ ನದಿಯ ಕಣಿವೆಯ ನ್ಯೂ ಮ್ಯಾಡ್ರಿಡ್ ಎಂಬಲ್ಲಿ ೧೮೧೧-೧೨ರ ಚಳಿಗಾಲದಲ್ಲಿ ಒಂದರ ಹಿಂದೊಂದು ದೊಡ್ಡ ಭೂಕಂಪಗಳಾದವು. ಅದು ಕೂಡ ಫಲಕದ ಅಂಚಿನಲ್ಲಿರದೆ ಫಲಕದ ಒಡಲಲ್ಲಿರುವ ಸ್ಥಳ. ೧೯೯೯ರಲ್ಲಿ ಸೆತ್ ಸ್ಟೀನ್ ಮೊದಲಾದ ವಿಜ್ಞಾನಿಗಳು ಅಲ್ಲಿಯ ಜಿ.ಪಿ.ಎಸ್. ಅಳತೆಗಳನ್ನು ಮುಂದಿಟ್ಟು, ಅಲ್ಲಿ ನೆಲ ಹೆಚ್ಚುಕಡಿಮೆ ನಿಶ್ಚಲವಾಗಿದೆ, ಅಪಾಯವನ್ನು ಅತಿಯಾಗಿ ಎಣಿಸಲಾಗಿದೆ ಎಂದು ವಾದಿಸಿದರು. ಮುಂದಿನ ಅಳತೆಗಳಲ್ಲಿಯೂ ಚಲನೆ ಅತ್ಯಲ್ಪವೆಂದೇ ಕಂಡಿತು. ಆದರೆ ಅಲ್ಲಿಯ ಮರಳಿನ ಪದರಗಳನ್ನು ಅಗೆದು ಪರೀಕ್ಷಿಸಿದ ಇತರರು, ಕಳೆದ ಒಂದೆರಡು ಸಾವಿರ ವರ್ಷಗಳಲ್ಲಿ ಇಂಥ ಕಂಪನಗಳು ಹಲವು ಸಲ ಆಗಿವೆಯೆಂಬ ಕುರುಹುಗಳನ್ನು ತೋರಿಸಿ, ಅಳತೆ ಶೂನ್ಯವಾದ ಮಾತ್ರಕ್ಕೆ ಅಪಾಯ ಶೂನ್ಯವಾಗದೆಂದು ಮರುನುಡಿದರು. ಫಲಕದ ಒಡಲಿನಲ್ಲಿ ವಿರೂಪದ ಅಳತೆ ಒಬ್ಬ ಸಾಕ್ಷಿ ಮಾತ್ರ. ಅದೊಂದನ್ನೇ ಕೇಳಿ ತೀರ್ಪು ಬರೆಯಲಾಗದು ಎಂಬುದು ಈ ಚರ್ಚೆಯಿಂದ ನಾವು ತಿಳಿಯಬೇಕಾದ ಸಂಗತಿ.

ಕಿಲ್ಲಾರಿಯ ಕೆಳಗೆ ಏನಿತ್ತು?

ಕಿಲ್ಲಾರಿಯಲ್ಲಿ ಭೂಕಂಪದ ತರುವಾಯ ಕೊಳವೆ ಕೊರೆದು ನೋಡಿದಾಗ ಮೇಲಿನ ಕರಿಕಲ್ಲಿನ ಪದರ ಸುಮಾರು ೩೪೦ ಮೀಟರಿನಷ್ಟು ದಪ್ಪವಿರುವುದು ತಿಳಿಯಿತು. ಅದರ ಕೆಳಗಿರುವುದು ಅದಕ್ಕಿಂತ ಬಹು ಪುರಾತನವಾದ ಕಣಶಿಲೆಯ ನೆಲಗಟ್ಟು. ಆ ನೆಲಗಟ್ಟಿನಲ್ಲಿ ಯಾವ ಯುಗದಲ್ಲೋ ಆದ ಬಿರುಕುಗಳಿವೆ. ಮೇಲೆ ಹರಡಿದ ಲಾವಾರಸದ ಹೊದಿಕೆ ಅವನ್ನು ಕಣ್ಣಿಗೆ ಕಾಣದಂತೆ ಮುಚ್ಚಿದೆ. ಮಣ್ಣು ಸಾರಿಸಿದ ಗೋಡೆಯಲ್ಲಿ ಒಳಗಿನ ಬಿರುಕು ಹೇಗೆ ಕಾಣುವುದಿಲ್ಲವೋ ಹಾಗೆ. ೧೯೯೩ರ ಕಂಪನ ಆಳದಲ್ಲಿ ಹುಟ್ಟದೆ ಕೆಲವೇ ಕಿಲೋಮೀಟರ್ ಕೆಳಗೆ ಹುಟ್ಟಿದ್ದರಿಂದ ಮೇಲಿನ ಊರುಗಳಿಗೆ ಅದರ ಪೂರ್ಣ ಪೆಟ್ಟು ತಾಗಿತು.

ಮುನ್ಸೂಚನೆ ಇರಲಿಲ್ಲವೆ ಎಂದು ಕೇಳುವವರಿದ್ದಾರೆ. ೧೯೯೨ರ ಅಕ್ಟೋಬರಿನ ಆಸುಪಾಸಿನಲ್ಲಿ ಕಿಲ್ಲಾರಿಯ ಸುತ್ತ ಹಲವು ಸಣ್ಣ ಕಂಪನಗಳು ಆಗಿದ್ದವು, ಜನರು ಹೆದರಿದ್ದರು. ಆಮೇಲೆ ಅವು ತಣ್ಣಗಾದವು, ಭಯವೂ ತಣ್ಣಗಾಯಿತು. ಆದರೆ ಇಂಥ ಸಣ್ಣ ಕಂಪನಗಳು ಎಷ್ಟೋ ಕಡೆ ಬಂದು ಏನೂ ಆಗದೆ ಹೋಗುವುದುಂಟು. ೨೦೨೧ರ ಅಕ್ಟೋಬರಿನಲ್ಲಿ ಕಲಬುರಗಿ ಜಿಲ್ಲೆಯ ಚಿಂಚೋಳಿ ತಾಲೂಕಿನ ಗಡಿಕೇಶ್ವಾರದಲ್ಲಿ ಮತ್ತೆ ಮತ್ತೆ ನೆಲ ಅದುರಿ, ಜನ ಮನೆಯ ಹೊರಗೆ ರಾತ್ರಿ ಕಳೆದದ್ದು, ಎಷ್ಟೋ ಕುಟುಂಬಗಳು ಊರನ್ನೇ ಬಿಟ್ಟು ಹೋದದ್ದು ಓದುಗರ ನೆನಪಿನಲ್ಲಿರಬಹುದು. ಅಲ್ಲಿ ದೊಡ್ಡ ಅನಾಹುತ ಆಗಲಿಲ್ಲ. ಯಾವ ಸಣ್ಣ ಕಂಪನ ದೊಡ್ಡದರ ಮುಂದಾಳು, ಯಾವುದು ಅಲ್ಲ ಎಂಬುದನ್ನು ಮೊದಲೇ ಹೇಳುವ ವಿದ್ಯೆ ಜಗತ್ತಿನಲ್ಲಿ ಯಾರ ಬಳಿಯೂ ಇಲ್ಲ.

ನೀರಿನ ಪಾತ್ರವೂ ಇದೆ. ೧೯೬೭ರ ಡಿಸೆಂಬರ್ ೧೧ರಂದು ಮಹಾರಾಷ್ಟ್ರದ ಕೊಯ್ನಾ ಅಣೆಕಟ್ಟಿನ ಬಳಿ ೬.೩ ಪ್ರಮಾಣದ ಭೂಕಂಪವಾಗಿ ಇನ್ನೂರರ ಸಮೀಪ ಜನ ಸತ್ತರು. ೧೯೬೨ರಲ್ಲಿ ಜಲಾಶಯ ತುಂಬತೊಡಗಿದ ಮೇಲೆಯೇ ಅಲ್ಲಿ ಕಂಪನಗಳು ಹೆಚ್ಚಿದ್ದವು. ನೀರು ಬಿಗಿಯನ್ನು ಹುಟ್ಟಿಸಲಿಲ್ಲ. ಮೊದಲೇ ಬಿಗಿದು ನಿಂತಿದ್ದ ಬಿರುಕಿನೊಳಗೆ ಇಳಿದು ಅದನ್ನು ಜಾರಿಸಿತು. ಅಸಲು ಮೊದಲೇ ಅಲ್ಲಿತ್ತು ಎಂಬುದಕ್ಕೆ ಕೊಯ್ನಾ ಸ್ಪಷ್ಟ ನಿದರ್ಶನ.

ಹೀಗಿರುವಾಗ ವಿವೇಕಿಗಳಾದ ವಿಜ್ಞಾನಿಗಳು ಹಲವು ಸಾಕ್ಷಿಗಳನ್ನು ಕೂಡಿಸಿ ವಿಚಾರಿಸುತ್ತಾರೆ. ವಿರೂಪದ ಅಳತೆ ಒಂದು; ಸಣ್ಣ ಕಂಪನಗಳ ದಾಖಲೆ ಎರಡು; ಹಳೆಯ ಬರಹಗಳಲ್ಲಿ ದೊರೆಯುವ ಸಂಗತಿಗಳು ಮೂರು; ನೆಲವನ್ನು ಅಗೆದು ಪುರಾತನ ಕಂಪನಗಳ ಗುರುತು ಹುಡುಕುವುದು ನಾಲ್ಕು. ಕಿಲ್ಲಾರಿಗೆ ದೂರವಲ್ಲದ ತೇರ್ ಎಂಬ ಪ್ರಾಚೀನ ಪಟ್ಟಣದ ಅವಶೇಷಗಳಲ್ಲಿ ಹಿಂದಿನ ಭೂಕಂಪದ ಕುರುಹುಗಳಿವೆಯೆಂದು ಕೆಲವು ಸಂಶೋಧಕರು ವಾದಿಸಿದ್ದಾರೆ. ೧೯೦೦ರ ಫೆಬ್ರವರಿಯಲ್ಲಿ ಕೊಯಮತ್ತೂರಿನ ಸೀಮೆಯಲ್ಲಿ, ೧೯೯೭ರ ಮೇ ತಿಂಗಳಲ್ಲಿ ಜಬಲ್ಪುರದಲ್ಲಿ ನೆಲ ನಡುಗಿದ್ದು ದಾಖಲೆಯಲ್ಲಿದೆ. ಪರ್ಯಾಯ ದ್ವೀಪದಲ್ಲಿ ಕಂಪನ ಅಪರೂಪ, ಅಸಂಭವವಲ್ಲ.

ಸರಕಾರದ ನಕ್ಷೆಯ ಕಥೆಯೂ ಇದನ್ನೇ ಸಾರುತ್ತದೆ. ೧೯೮೪ರ ನಕ್ಷೆಯಲ್ಲಿ ಕಿಲ್ಲಾರಿ ಇದ್ದದ್ದು ಅತ್ಯಂತ ಕಡಿಮೆ ಅಪಾಯದ ಒಂದನೆಯ ವಲಯದಲ್ಲಿ. ೨೦೦೨ರ ಪರಿಷ್ಕರಣೆಯಲ್ಲಿ ಒಂದನೆಯ ವಲಯವನ್ನೇ ತೆಗೆದುಹಾಕಿ ಎರಡನೆಯದರಲ್ಲಿ ಸೇರಿಸಲಾಯಿತು; ಕಿಲ್ಲಾರಿ ಸೀಮೆ ಮೂರನೆಯ ವಲಯಕ್ಕೆ ಏರಿತು. ಕೊಯ್ನಾದ ವಲಯ ಬದಲಾದದ್ದು ಕೂಡ ಅಲ್ಲಿ ಭೂಕಂಪ ಆದಮೇಲೆಯೇ. ನಕ್ಷೆ ಭೂಕಂಪದ ಹಿಂದೆ ನಡೆಯುತ್ತದೆ. ಮುಂದೆ ನಡೆಯಬೇಕಾದುದು ನಮ್ಮ ಎಚ್ಚರ.

ದೈವಕೋಪವೆಂಬ ಮಾತು

ಭೂಕಂಪವಾದ ಕೂಡಲೆ ದೈವಕೋಪವೆಂದು ಹೆದರಿಸುವವರೂ ಗ್ರಹಗತಿ ನೋಡಿ ಮುಂದಿನ ತಾರೀಖು ಹೇಳುವವರೂ ಹುಟ್ಟಿಕೊಳ್ಳುತ್ತಾರೆ. ದಿನ, ಘಳಿಗೆ, ಊರುಗಳನ್ನು ಹೇಳಿ ಭೂಕಂಪದ ಭವಿಷ್ಯ ನುಡಿಯುವ ಯಾರ ಮಾತನ್ನೂ ಭಕ್ತರು ನಂಬಬಾರದೆಂದು ನಾವು ಒತ್ತಿ ಹೇಳುತ್ತೇವೆ. ಕಿಲ್ಲಾರಿಯಲ್ಲಿ ಸತ್ತ ಹಸುಗೂಸುಗಳು ಯಾವ ಪಾಪ ಮಾಡಿದ್ದವು? ಶಕುನ, ಮುಹೂರ್ತಗಳ ಭಯದಿಂದ ಜನರನ್ನು ಬಿಡಿಸಿದ ಶರಣರ ಪರಂಪರೆಗೆ ಸೇರಿದ ನಾವು ಸತ್ತವರ ಮೇಲೆ ದೋಷ ಹೊರಿಸುವ ಮಾತನ್ನು ಆಡಲಾಗದು. ಬಂಡೆ ತನ್ನ ಧರ್ಮದಂತೆ ನಡೆಯುತ್ತದೆ. ನಮ್ಮ ಧರ್ಮದಂತೆ ನಡೆಯುವುದು ನಮಗೆ ಬಿಟ್ಟದ್ದು.

ಅಲ್ಲಿ ಜನರನ್ನು ಕೊಂದದ್ದು ನೆಲವಲ್ಲ, ಮನೆ. ನಮ್ಮ ಬಯಲುಸೀಮೆಯ ಮೇಲ್ಮುದ್ದೆ ಮನೆಗಳಂತೆಯೇ ಅಲ್ಲಿಯ ಮನೆಗಳೂ ಇದ್ದವು. ಎರಡು ಮೂರು ಅಡಿ ದಪ್ಪದ ಕಲ್ಲಿನ ಗೋಡೆ. ಕಲ್ಲುಗಳ ನಡುವೆ ಬರಿಯ ಕೆಸರು. ಗೋಡೆಯ ಒಳಮುಖ ಬೇರೆ, ಹೊರಮುಖ ಬೇರೆ, ನಡುವೆ ಚೂರುಕಲ್ಲಿನ ತುಂಬು. ಮೇಲೆ ತೊಲೆ, ಜಂತಿಗಳ ಮೇಲೆ ಮಣ್ಣಿನ ಮಾಳಿಗೆ. ಸೋರದಿರಲೆಂದು ವರ್ಷ ವರ್ಷವೂ ಹೊಸ ಮಣ್ಣು ಹಾಕುತ್ತ ಬಂದು ಮಾಳಿಗೆಯ ಭಾರ ಬೆಳೆದಿತ್ತು. ನೆಲ ಅದುರಿದಾಗ ಗೋಡೆಯ ಎರಡು ಮುಖಗಳು ಬಾಯ್ಬಿಟ್ಟು ಬೇರ್ಪಟ್ಟವು. ಮಾಳಿಗೆ ಮಲಗಿದವರ ಮೇಲೆ ಕುಳಿತಿತು. ಮಾಳಿಗೆಯ ಭಾರವನ್ನು ಗೋಡೆ ಹೊರದೆ ಮರದ ಕಂಬಗಳು ಹೊತ್ತಿದ್ದ ಕಡೆ, ಗೋಡೆ ಉರುಳಿದರೂ ಮಾಳಿಗೆ ನಿಂತು ಜೀವ ಉಳಿದ ಉದಾಹರಣೆಗಳಿವೆ.

ಮಾಡಬೇಕಾದುದು

ಹಳೆಯ ಕಲ್ಲಿನ ಮನೆ ಇರುವವರು ಮೊದಲು ಮಾಳಿಗೆಯ ಹೆಚ್ಚುವರಿ ಮಣ್ಣನ್ನು ಇಳಿಸಬೇಕು. ತಿಳಿದ ಇಂಜಿನಿಯರರನ್ನು ಕರೆಸಿ, ಗೋಡೆಯಲ್ಲಿ ಅಲ್ಲಲ್ಲಿ ಆರಪಾರ ರಂಧ್ರ ಮಾಡಿ ಸಲಾಕೆಯಿಟ್ಟು ಕಾಂಕ್ರೀಟು ತುಂಬಿಸಿದರೆ ಎರಡು ಮುಖಗಳು ಒಂದಾಗುತ್ತವೆ. ಕಿಲ್ಲಾರಿ ಸೀಮೆಯಲ್ಲಿ ಉಳಿದ ಮನೆಗಳನ್ನು ಬಲಪಡಿಸಲು ಇಂಥ ಉಪಾಯಗಳನ್ನು ಬಳಸಿದರು.

ಹೊಸದಾಗಿ ಕಲ್ಲಿನ ಮನೆ ಕಟ್ಟುವವರಿಗೆ ಭಾರತೀಯ ಮಾನಕ ಬ್ಯೂರೋ ೧೯೯೩ರಲ್ಲಿಯೇ ಮಾರ್ಗಸೂಚಿ ಕೊಟ್ಟಿತು. ಗೋಡೆಯ ದಪ್ಪ ೪೫೦ ಮಿಲಿಮೀಟರ್, ಎಂದರೆ ಒಂದೂವರೆ ಅಡಿ ಮೀರಬಾರದು. ಗೋಡೆಯ ಎರಡೂ ಮುಖಗಳನ್ನು ಹಾಯ್ದು ಹೋಗುವ ಉದ್ದ ಕಲ್ಲನ್ನು ಎತ್ತರದಲ್ಲಿ ಎರಡಡಿಗೊಂದು, ಉದ್ದದಲ್ಲಿ ನಾಲ್ಕಡಿಗೊಂದು ಇಡಬೇಕು. ಬಾಗಿಲು ಕಿಟಕಿಗಳ ಮೇಲಿನ ಮಟ್ಟದಲ್ಲಿ, ಮನೆಯ ಎಲ್ಲ ಗೋಡೆಗಳನ್ನು ಸುತ್ತುವರಿಯುವಂತೆ ಸಲಾಕೆಯ ಕಾಂಕ್ರೀಟು ಪಟ್ಟಿ ಹಾಕಬೇಕು. ಬುಟ್ಟಿಯ ಬಾಯಿಗೆ ಕಟ್ಟು ಹಾಕಿದಂತೆ ಅದು ಗೋಡೆಗಳನ್ನು ಒಂದಕ್ಕೊಂದು ಹಿಡಿದಿಡುತ್ತದೆ. ಒಟ್ಟು ಖರ್ಚಿನಲ್ಲಿ ಈ ಪಟ್ಟಿಯ ಪಾಲು ದೊಡ್ಡದಲ್ಲ.

ಕಾಂಕ್ರೀಟಿನ ಮನೆಯೆಂದು ನಿಶ್ಚಿಂತರಾಗುವಂತಿಲ್ಲ. ೨೦೦೧ರ ಜನವರಿ ೨೬ರಂದು ಕಚ್ಛದ ಭುಜ್ ಸೀಮೆಯಲ್ಲಿ ನೆಲ ನಡುಗಿದಾಗ, ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರದ ಅಹಮದಾಬಾದಿನಲ್ಲಿ ಬಹುಮಹಡಿ ಕಟ್ಟಡಗಳು ಕುಸಿದವು. ಕೆಳಗೆ ವಾಹನ ನಿಲ್ಲಿಸಲು ಬರಿಯ ಕಂಬಗಳನ್ನು ಬಿಟ್ಟು ಮೇಲೆ ಭಾರ ಹೇರಿದ ಕಟ್ಟಡಗಳು ಅವುಗಳಲ್ಲಿ ಅನೇಕ. ನಮ್ಮ ಪಟ್ಟಣಗಳಲ್ಲಿಯೂ ಈಗ ಇದೇ ರೂಢಿಯಾಗಿರುವುದನ್ನು ಓದುಗರು ಗಮನಿಸಬೇಕು.

ಗುದ್ದಲಿಪೂಜೆಯ ದಿನ ಬಾಗಿಲು ಯಾವ ದಿಕ್ಕಿಗೆ, ಅಡುಗೆಮನೆ ಯಾವ ಮೂಲೆಗೆ ಎಂದು ನಾಲ್ಕು ಜನರನ್ನು ಕೇಳುತ್ತೇವೆ. ಅಂದೇ ಗೌಂಡಿಯನ್ನು ಕರೆದು, “ಗೋಡೆಗೆ ಸುತ್ತುಪಟ್ಟಿ ಎಲ್ಲಿ ಹಾಕುತ್ತೀ? ಉದ್ದ ಕಲ್ಲು ಎಷ್ಟಡಿಗೊಂದು ಇಡುತ್ತೀ?” ಎಂದು ಮನೆಯ ಯಜಮಾನನೂ ಯಜಮಾನಿಯೂ ಕೇಳಲಿ. ಗೌಂಡಿಗೆ ಅದು ಅವನ ಕಾಯಕದ ಮಾತು. ಕೇಳಿದರೆ ಅವನು ಹೆಚ್ಚು ಶ್ರದ್ಧೆಯಿಂದ ಮಾಡುತ್ತಾನೆ. ಕೇಳದಿದ್ದರೆ ಯಾರೂ ನೋಡದ ಗೋಡೆಯ ಒಳಗೆ ಚೂರುಕಲ್ಲು ಸೇರುತ್ತದೆ.

ಇನ್ನೊಂದು ಮಾತನ್ನು ಮಠಗಳ ಮತ್ತು ನಮ್ಮ ವಿದ್ಯಾಸಂಸ್ಥೆಗಳ ಹಿರಿಯರಲ್ಲಿ ವಿನಯದಿಂದ ಅರಿಕೆ ಮಾಡಿಕೊಳ್ಳುತ್ತೇವೆ. ನಮ್ಮ ಸಮಾಜದ ದೊಡ್ಡ ಕೀರ್ತಿ ಉಚಿತ ಪ್ರಸಾದ ನಿಲಯಗಳು. ಬಡವರ ಮಕ್ಕಳು ಸಾವಿರಾರು ಸಂಖ್ಯೆಯಲ್ಲಿ ಅಲ್ಲಿ ಉಂಡು, ಓದಿ, ಮಲಗುತ್ತಾರೆ. ಅವುಗಳಲ್ಲಿ ಅನೇಕ ಕಟ್ಟಡಗಳು ಹಳೆಯವು, ಕಲ್ಲಿನವು, ಭಾರವಾದ ಮಾಳಿಗೆಯವು. ಕಿಲ್ಲಾರಿಯ ನಸುಕಿನಂಥ ಇನ್ನೊಂದು ನಸುಕು ಯಾವ ಊರಿಗೆ, ಯಾವ ವರ್ಷ ಎಂಬುದನ್ನು ಯಾವ ಉಪಗ್ರಹವೂ ಹೇಳಲಾರದು. ಆದರೆ ಆ ಮಕ್ಕಳ ತಲೆಯ ಮೇಲಿನ ತೊಲೆ ಗಟ್ಟಿಯಾಗಿದೆಯೋ ಇಲ್ಲವೋ ಎಂಬುದನ್ನು ಒಬ್ಬ ಇಂಜಿನಿಯರು ಒಂದೇ ದಿನದಲ್ಲಿ ಹೇಳಬಲ್ಲನು. ಈ ಬೇಸಿಗೆಯ ರಜೆಯೊಳಗೆ ಪ್ರತಿಯೊಂದು ಪ್ರಸಾದ ನಿಲಯದ ಗೋಡೆ, ಮಾಳಿಗೆಗಳ ಪರೀಕ್ಷೆ ನಡೆಯಲಿ. ಹೊಸ ಕಮಾನಿಗೆ, ಬಣ್ಣಕ್ಕೆ ಕೊಡುವ ದಾನಿಗಳು ಕಣ್ಣಿಗೆ ಕಾಣದ ಸುತ್ತುಪಟ್ಟಿಗೂ ಕೊಡಲಿ. ಮಕ್ಕಳಿಗೆ ಅನ್ನವಿಡುವುದು ದಾಸೋಹವಾದರೆ, ಅವರು ಮಲಗುವ ಸೂರನ್ನು ಭದ್ರಪಡಿಸುವುದೂ ದಾಸೋಹವೇ.

ವಿಜ್ಞಾನಿಗಳು ನೆಲವನ್ನು ಅಳೆಯುತ್ತಿರಲಿ. ಅವರ ಕೆಲಸ ತಲೆಮಾರುಗಳ ಕಾಲ ನಡೆಯಬೇಕಾದುದು. ಗೋಡೆಯನ್ನು ಅಳೆಯುವ ಕೆಲಸ ನಮ್ಮದು, ಅದಕ್ಕೆ ಒಂದು ದಿನ ಸಾಕು. ಅದನ್ನು ಯಾವ ಭಕ್ತರೂ ನಾಳೆಗೆ ನೂಕದಿರಲಿ ಎಂಬುದು ನಮ್ಮ ಪ್ರಾರ್ಥನೆ.